ಪೊರೆ ಕಳಚಿದ ಮೇಲೆ ಏನು ಕಾಣುತ್ತದೆ?

ಮನೆಯ ಹಿರಿಯರೊಬ್ಬರಿಗೆ ಕಣ್ಣಿನ ಪೊರೆ ತೆಗೆಸಿದ ಅನುಭವ ಇಲ್ಲದ ಕುಟುಂಬ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿ ಲಕ್ಷಗಟ್ಟಲೆ ಜನರ ಪೊರೆ ತೆಗೆದ ನಾಡು ಇದು. ಪಟ್ಟಿ ಬಿಚ್ಚಿದ ಮೇಲೆ ಅಜ್ಜಿ ಮಾಡುವ ಮೊದಲ ಕೆಲಸವೇ ಎದುರಿಗಿದ್ದವರ ಗುರುತು ಹಿಡಿಯುವುದು. ಮೊಮ್ಮಗಳು ಸೊರಗಿದ್ದು ಕಾಣುತ್ತದೆ, ಮಗನ ತಲೆ ನರೆತದ್ದು ಕಾಣುತ್ತದೆ, ಗೋಡೆಯ ಸುಣ್ಣ ಇಷ್ಟು ಬೆಳ್ಳಗಿತ್ತೇ ಎಂದು ಬೆರಗಾಗುತ್ತದೆ. ಮಂಜು ಸರಿಯಿತು, ಜಗತ್ತು ಇದ್ದಲ್ಲೇ ಇತ್ತು.

ಇದನ್ನು ಕಂಡವರಿಗೆ ಇನ್ನೊಂದು ಪ್ರಶ್ನೆ ಹುಟ್ಟುವುದು ಸಹಜ, ಓದುಗರು ಅದನ್ನು ಮತ್ತೆ ಮತ್ತೆ ಕೇಳುತ್ತಲೂ ಇರುತ್ತಾರೆ. ಹುಟ್ಟಿನಿಂದಲೇ ಕಣ್ಣು ಕಾಣದವರಿಗೆ ಹತ್ತನೆಯದೋ ಹದಿನೈದನೆಯದೋ ವಯಸ್ಸಿನಲ್ಲಿ ಆಪರೇಷನ್ ಆಗಿ ದೃಷ್ಟಿ ಬಂದರೆ? ಅವರಿಗೆ ಮೊದಲು ಕಾಣುವುದೇನು? ನಮ್ಮ ಸಿನಿಮಾಗಳಲ್ಲಿ ಪಟ್ಟಿಯ ಸುತ್ತು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ, ಮಸುಕು ತಿಳಿಯಾಗುತ್ತದೆ, ಮಗ ಅಮ್ಮನ ಮುಖ ನೋಡಿ 'ಅಮ್ಮಾ' ಎಂದು ಅಪ್ಪಿಕೊಳ್ಳುತ್ತಾನೆ. ಆದರೆ ಆಸ್ಪತ್ರೆಯ ಕೋಣೆಗಳಲ್ಲಿ ನಡೆದದ್ದು ಹಾಗಲ್ಲ. ಹುಟ್ಟುಗುರುಡ ಹುಡುಗನಿಗೆ ಪಟ್ಟಿ ಬಿಚ್ಚಿದ ದಿನ ಅಮ್ಮ ಮಾತಾಡುವವರೆಗೆ ಅವಳು ಅಮ್ಮ ಎಂದು ತಿಳಿಯುವುದಿಲ್ಲ. ಎದುರಿಗೆ ಇರುವುದು ಮುಖ ಎನ್ನುವುದೂ ಅವನಿಗೆ ಖಚಿತವಿರುವುದಿಲ್ಲ.

ಈ ಪ್ರಶ್ನೆಗೆ ಮುನ್ನೂರು ವರ್ಷ ಮೀರಿದ ಚರಿತ್ರೆಯಿದೆ. ಐರ್ಲೆಂಡಿನ ಡಬ್ಲಿನ್ ನಗರದ ವಿಲಿಯಂ ಮಾಲಿನೊ 1688ರಲ್ಲಿ ತತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಪತ್ರ ಬರೆದ. ಆತ ಬೆಳಕಿನ ಶಾಸ್ತ್ರ ಓದಿಕೊಂಡಿದ್ದವನು, ಆತನ ಹೆಂಡತಿ ಮದುವೆಯಾದ ಸ್ವಲ್ಪ ಕಾಲದಲ್ಲೇ ದೃಷ್ಟಿ ಕಳೆದುಕೊಂಡಿದ್ದಳು. ಹುಟ್ಟುಗುರುಡನೊಬ್ಬ ಕೈಯಿಂದ ಮುಟ್ಟಿ ಗೋಲ ಯಾವುದು, ಘನ ಯಾವುದು ಎಂದು ಹೇಳಬಲ್ಲವನಾಗಿದ್ದಾನೆ. ಅವನಿಗೆ ದಿಢೀರನೆ ಕಣ್ಣು ಬಂದರೆ, ಎರಡನ್ನೂ ಮೇಜಿನ ಮೇಲಿಟ್ಟಾಗ ಮುಟ್ಟದೆ, ಬರೀ ನೋಡಿ ಹೇಳಬಲ್ಲನೆ? ಇಷ್ಟೇ ಪ್ರಶ್ನೆ. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. 1693ರಲ್ಲಿ ಮತ್ತೆ ಬರೆದಾಗ ಲಾಕ್ ಅದನ್ನು ಮೆಚ್ಚಿ, ಮನುಷ್ಯನ ತಿಳಿವಳಿಕೆಯ ಕುರಿತ ತನ್ನ ಗ್ರಂಥದ 1694ರ ಎರಡನೆಯ ಆವೃತ್ತಿಗೆ ಸೇರಿಸಿಕೊಂಡ. ಹೇಳಲಾರ ಎಂಬುದೇ ಇಬ್ಬರ ಊಹೆಯೂ ಆಗಿತ್ತು. ಸ್ಪರ್ಶ ಕಲಿಸಿದ ಪಾಠ ಕಣ್ಣಿಗೆ ತಾನಾಗಿ ಬಾರದು, ಅದನ್ನು ಅನುಭವವೇ ಕಲಿಸಬೇಕು ಎಂಬುದು ಅವರ ವಾದ.

ಊಹೆಯನ್ನು ಪರೀಕ್ಷಿಸಲು ಮನುಷ್ಯರು ಬೇಕಿತ್ತು. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಚೆಸೆಲ್ಡನ್ 1728ರಲ್ಲಿ ಅಂಥ ಒಬ್ಬ ಹುಡುಗನ ವರದಿ ಪ್ರಕಟಿಸಿದ. ಹುಡುಗನಿಗೆ ಹದಿಮೂರೋ ಹದಿನಾಲ್ಕೋ ವಯಸ್ಸು. ಪೊರೆ ಸರಿಸಿದ ಮೇಲೆ ಕಂಡ ವಸ್ತುಗಳೆಲ್ಲ ಕಣ್ಣಿಗೇ ತಾಗುತ್ತಿವೆ ಎಂದು ಅವನಿಗೆ ಅನ್ನಿಸಿತಂತೆ. ಅಲ್ಲಿಯವರೆಗೆ ಅವನಿಗೆ ತಿಳಿದಿದ್ದ ವಸ್ತುಗಳೆಲ್ಲ ಚರ್ಮಕ್ಕೆ ತಾಗಿಯೇ ತಿಳಿದಿದ್ದವಲ್ಲ. ಮನೆಯ ಬೆಕ್ಕು ಯಾವುದು, ನಾಯಿ ಯಾವುದು ಎಂದು ಪದೇ ಪದೇ ಮರೆಯುತ್ತಿದ್ದ. ಕೇಳಲು ನಾಚಿಕೆಯಾಗಿ ಒಂದು ದಿನ ಬೆಕ್ಕನ್ನು ಹಿಡಿದು, ಮೈಯೆಲ್ಲ ಸವರಿ, ನೆಟ್ಟ ನೋಟದಿಂದ ನೋಡಿ, ಇನ್ನು ಮುಂದೆ ನಿನ್ನ ಗುರುತು ಸಿಗುತ್ತದೆ ಎಂದು ಕೆಳಗಿಳಿಸಿದ. ಗೋಡೆಯ ಮೇಲಿನ ಚಿತ್ರಗಳು ಮೊದಲ ಸುಮಾರು ಎರಡು ತಿಂಗಳು ಅವನಿಗೆ ಬಣ್ಣದ ತೇಪೆಗಳಷ್ಟೇ ಆಗಿದ್ದವು. ಅವು ಮನುಷ್ಯರನ್ನೂ ವಸ್ತುಗಳನ್ನೂ ತೋರಿಸುತ್ತಿವೆ ಎಂದು ಹೊಳೆದ ದಿನ ಕೈಯಿಂದ ಮುಟ್ಟಿ ನೋಡಿದ. ಉಬ್ಬುತಗ್ಗು ಕಂಡ ಜಾಗ ಸಪಾಟಾಗಿತ್ತು. ಸುಳ್ಳು ಹೇಳುತ್ತಿರುವುದು ನನ್ನ ಕಣ್ಣೋ ಕೈಯೋ ಎಂದು ಕೇಳಿದನಂತೆ. ಗ್ರಹಿಕೆಯ ಮನಶ್ಶಾಸ್ತ್ರದ ಅರ್ಧಪಾಲು ಆ ಹುಡುಗನ ಒಂದು ಪ್ರಶ್ನೆಯಲ್ಲೇ ಇದೆ.

ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚು ಚರ್ಚೆಯಾದವನು ಇಂಗ್ಲೆಂಡಿನ ಒಬ್ಬ ಚಮ್ಮಾರ, ಶಾಸ್ತ್ರಗ್ರಂಥಗಳಲ್ಲಿ 'ಎಸ್.ಬಿ.' ಎಂದಷ್ಟೇ ಹೆಸರು. ಹತ್ತು ತಿಂಗಳ ಕೂಸಾಗಿದ್ದಾಗ ದೃಷ್ಟಿ ಹೋಗಿತ್ತು, 52ನೆಯ ವಯಸ್ಸಿನಲ್ಲಿ ಕಾರ್ನಿಯಾ ಕಸಿ ಮಾಡಿದಾಗ ಮರಳಿತು. ಮನಶ್ಶಾಸ್ತ್ರಜ್ಞ ರಿಚರ್ಡ್ ಗ್ರೆಗರಿ ಮತ್ತು ಜೀನ್ ವ್ಯಾಲೇಸ್ ಅವನ ಜತೆ ಓಡಾಡಿ 1963ರಲ್ಲಿ ವಿವರವಾದ ವರದಿ ಬರೆದರು. ಅಂಧರ ಶಾಲೆಯಲ್ಲಿ ಬೆರಳಿನಿಂದ ಮುಟ್ಟಿ ಕಲಿತಿದ್ದ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಅವನು ನೋಡಿದ ತಕ್ಷಣ ಓದಿದ. ಕಲಿಸದೇ ಬಿಟ್ಟಿದ್ದ ಸಣ್ಣಕ್ಷರಗಳು ಓದಲು ಬರಲಿಲ್ಲ. ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿ ಅವನು ಬಹಳ ದಿನದಿಂದ ಕನಸು ಕಂಡಿದ್ದ ಲೇತ್ ಯಂತ್ರವಿತ್ತು. ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ನೋಡಿದಾಗ ಏನೂ ಅರ್ಥವಾಗಲಿಲ್ಲ. ಪೆಟ್ಟಿಗೆ ತೆರೆಸಿದ ಮೇಲೆ ಕಣ್ಣು ಮುಚ್ಚಿಕೊಂಡು ಎರಡೂ ಕೈಗಳಿಂದ ತಡವಿದ, ಹಿಂದೆ ಸರಿದು ಕಣ್ಣು ತೆರೆದ, ಮುಟ್ಟಿ ಆಯಿತು, ಈಗ ಕಾಣುತ್ತದೆ ಎಂದ. ಕುರುಡನಾಗಿದ್ದಾಗ ಕೋಲು ಹಿಡಿದು ಧೈರ್ಯವಾಗಿ ರಸ್ತೆ ದಾಟುತ್ತಿದ್ದವನು ಕಣ್ಣು ಬಂದ ಮೇಲೆ ವಾಹನಗಳಿಗೆ ಹೆದರಿ ನಿಂತುಬಿಟ್ಟ. ಬರಬರುತ್ತ ಖಿನ್ನತೆಗೆ ಜಾರಿ, ದೃಷ್ಟಿ ಬಂದು ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡ.

ಆದರೆ ಇಂಥ ಒಂಟಿ ಪ್ರಕರಣಗಳ ಮೇಲೆ ಶಾಸ್ತ್ರ ಕಟ್ಟುವುದು ಕಷ್ಟ. ಎಸ್.ಬಿ. ಹತ್ತು ತಿಂಗಳು ಲೋಕ ನೋಡಿದ್ದವನು. ಚೆಸೆಲ್ಡನ್‌ನ ಹುಡುಗನಿಗೆ ಬೆಳಕು ಕತ್ತಲೆಯ ಭೇದವೂ, ಗಾಢ ಬಣ್ಣಗಳ ಒಂದಿಷ್ಟು ಅರಿವೂ ಮೊದಲೇ ಇತ್ತು. ಹುಟ್ಟಿನಿಂದ ಕಾಣದೆ, ಚಿಕಿತ್ಸೆ ಸಾಧ್ಯವಿದ್ದೂ ಸಿಗದೆ, ಎಂಟು ಹತ್ತು ವರ್ಷ ಕಳೆದ ಮಕ್ಕಳು ಹಲವರು ಬೇಕಿತ್ತು. ಶ್ರೀಮಂತ ದೇಶಗಳಲ್ಲಿ ಅಂಥವರು ಈಗ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಪೊರೆಯೊಂದಿಗೆ ಹುಟ್ಟಿದ ಕೂಸಿಗೆ ವಾರಗಳೊಳಗೇ ಆಪರೇಷನ್ ಆಗುತ್ತದೆ. ಭಾರತದ ಹಳ್ಳಿಗಳಲ್ಲಿ ಇದ್ದರು. ವಿಜ್ಞಾನಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಆರೋಗ್ಯ ವ್ಯವಸ್ಥೆಯ ಒಂದು ಕೊರತೆಯಿಂದ ಎನ್ನುವುದು ನೋವಿನ ಮಾತು, ಅದನ್ನು ಮುಚ್ಚಿಟ್ಟು ಮುಂದಿನ ಕತೆ ಹೇಳುವುದು ಸರಿಯಲ್ಲ.

ಆ ಕೊರತೆಯನ್ನು ಕಂಡು ಮರುಗಿದವರಲ್ಲಿ ಒಬ್ಬರು ಪವನ್ ಸಿನ್ಹಾ. ದೆಹಲಿ ಐಐಟಿಯಲ್ಲಿ ಓದಿ, ಅಮೆರಿಕದ ಎಂಐಟಿಯಲ್ಲಿ ದೃಷ್ಟಿವಿಜ್ಞಾನದ ಪ್ರಾಧ್ಯಾಪಕರಾದವರು. 2000ರ ದಶಕದಲ್ಲಿ ಅವರು ಆರಂಭಿಸಿದ 'ಪ್ರಾಜೆಕ್ಟ್ ಪ್ರಕಾಶ್' ಹಳ್ಳಿಗಳಲ್ಲಿ ಶಿಬಿರ ನಡೆಸಿ ಇಂಥ ಮಕ್ಕಳನ್ನು ಹುಡುಕುತ್ತದೆ, ದೆಹಲಿಯ ದರಿಯಾಗಂಜ್‌ನಲ್ಲಿರುವ ಡಾ. ಶ್ರಾಫ್ ಚಾರಿಟಿ ಕಣ್ಣಿನ ಆಸ್ಪತ್ರೆಯಲ್ಲಿ ಉಚಿತವಾಗಿ ಚಿಕಿತ್ಸೆ ಕೊಡಿಸುತ್ತದೆ. ಅಧ್ಯಯನ ನಡೆಯುವುದು ಆ ಚಿಕಿತ್ಸೆಯ ಜತೆಜತೆಗೆ.

ಮಾಲಿನೊನ ಪ್ರಶ್ನೆಗೆ ಉತ್ತರ 2011ರಲ್ಲಿ 'ನೇಚರ್ ನ್ಯೂರೋಸೈನ್ಸ್' ಪತ್ರಿಕೆಯಲ್ಲಿ ಬಂತು. ಪರೀಕ್ಷೆಗೆ ಒಳಗಾದವರು ಐದು ಮಂದಿ, 8ರಿಂದ 17 ವರ್ಷದೊಳಗಿನವರು. ನಾಲ್ವರಿಗೆ ಹುಟ್ಟಿನಿಂದ ಪೊರೆ, ಒಬ್ಬರಿಗೆ ಕಾರ್ನಿಯಾದ ತೊಂದರೆ. ಆಪರೇಷನ್ ಆಗಿ 48 ಗಂಟೆಯೊಳಗೆ, ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ಬಿಲ್ಲೆಗಳಂಥ ಆಕೃತಿಗಳನ್ನು ಕೊಟ್ಟು ನೋಡಿದರು. ಒಂದು ಆಕೃತಿಯನ್ನು ಮೊದಲು ಕೊಟ್ಟು, ಆಮೇಲೆ ಎರಡನ್ನು ಮುಂದಿಟ್ಟು, ಮೊದಲಿನದು ಇದರಲ್ಲಿ ಯಾವುದು ಎಂದು ಕೇಳುವುದು ವಿಧಾನ. ಮುಟ್ಟಿದ್ದನ್ನು ಮುಟ್ಟಿಯೇ ಗುರುತಿಸುವಾಗ 98 ಶೇಕಡಾ ಸರಿ. ನೋಡಿದ್ದನ್ನು ನೋಡಿಯೇ ಗುರುತಿಸುವಾಗ 92 ಶೇಕಡಾ. ಅಂದರೆ ಕಣ್ಣಿಗೆ ಆಕಾರಗಳ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತಿತ್ತು. ಮುಟ್ಟಿದ್ದನ್ನು ನೋಡಿ ಗುರುತಿಸಿ ಎಂದಾಗ ಮಾತ್ರ 58. ಎರಡರಲ್ಲಿ ಒಂದನ್ನು ಕಣ್ಣು ಮುಚ್ಚಿ ಆರಿಸಿದರೂ 50 ಬರುತ್ತದೆ ಎಂದ ಮೇಲೆ ಆ 58ಕ್ಕೆ ಹೆಚ್ಚಿನ ಅರ್ಥವಿಲ್ಲ. ಮಾಲಿನೊ, ಲಾಕ್ ಇಬ್ಬರ ಊಹೆಯೂ ಸರಿ ಎಂದಾಯಿತು.

ಆದರೆ ಆ ಪ್ರಬಂಧದ ಕೊನೆಯ ಭಾಗವೇ ಹೆಚ್ಚು ಸೊಗಸಾದದ್ದು. ಮತ್ತೆ ಪರೀಕ್ಷೆಗೆ ಸಿಕ್ಕ ಮಕ್ಕಳಲ್ಲಿ ಈ ಸಾಮರ್ಥ್ಯ ಬಲುಬೇಗ ಬೆಳೆದಿತ್ತು. ಒಬ್ಬರಲ್ಲಂತೂ ಐದೇ ದಿನಕ್ಕೆ. ಯಾರೂ ಕೂರಿಸಿಕೊಂಡು ಪಾಠ ಹೇಳಿರಲಿಲ್ಲ. ಲೋಟ ಎತ್ತುವುದು, ಚಪಾತಿ ಮುರಿಯುವುದು, ಬಾಗಿಲ ಚಿಲಕ ಹುಡುಕುವುದು, ಹೀಗೆ ಕೈಯೂ ಕಣ್ಣೂ ಒಂದೇ ವಸ್ತುವಿನ ಮೇಲೆ ಕೂಡುವ ದಿನನಿತ್ಯದ ಕೆಲಸಗಳೇ ಸಾಕಾಗಿರಬೇಕು. ಮೂರು ಶತಮಾನ ತತ್ವಜ್ಞಾನಿಗಳನ್ನು ಕಾಡಿದ ಕಂದಕವನ್ನು ಒಂದು ಮಗು ವಾರ ಕಳೆಯುವುದರೊಳಗೆ ದಾಟಿಬಿಡುತ್ತದೆ.

ಕಣ್ಣಿಗೆ ಬೆಳಕು ಬೀಳುವುದು, ಅದು ನರಗಳಲ್ಲಿ ಸಂಕೇತವಾಗಿ ಹರಿಯುವುದು, ಇದನ್ನು ಮನಶ್ಶಾಸ್ತ್ರ ಸಂವೇದನೆ ಎನ್ನುತ್ತದೆ. ಆ ಸಂಕೇತದಿಂದ ಇದು ಅಮ್ಮನ ಮುಖ, ಅದು ಕಿಟಕಿ ಎಂಬ ಲೋಕವನ್ನು ಮಿದುಳು ಕಟ್ಟಿಕೊಳ್ಳುವುದು ಗ್ರಹಿಕೆ. ಎರಡೂ ಕೂಡಿಯೇ ಒದಗುವುದರಿಂದ ಕಣ್ಣಿದ್ದವರಿಗೆ ನಡುವಿನ ಗೆರೆ ಕಾಣುವುದೇ ಇಲ್ಲ. ತುಳು ಬಾರದವರ ಕಿವಿಗೆ ತುಳು ಮಾತು ಬಿದ್ದಂತೆ ಇದು: ಸದ್ದೆಲ್ಲ ಸ್ಪಷ್ಟವಾಗಿಯೇ ಕೇಳುತ್ತದೆ, ಒಂದು ಪದ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ಹೊಸದಾಗಿ ದೃಷ್ಟಿ ಬಂದವರ ಪಾಡೂ ಹಾಗೆಯೇ ಎಂಬುದಕ್ಕೆ ಸಿನ್ಹಾ ತಂಡ ಅಧ್ಯಯನ ಮಾಡಿದ 'ಎಸ್.ಕೆ.' ಎಂಬ ವ್ಯಕ್ತಿಯ ಉದಾಹರಣೆಯಿದೆ. ಹುಟ್ಟಿನಿಂದಲೇ ಅವನ ಕಣ್ಣುಗಳಲ್ಲಿ ಮಸೂರವಿರಲಿಲ್ಲ. ಅವನಿಗೆ ಬೇಕಿದ್ದದ್ದು ಒಂದು ದಪ್ಪ ಕನ್ನಡಕ, ಅದು ಸಿಕ್ಕಿದ್ದು 29ನೆಯ ವಯಸ್ಸಿನಲ್ಲಿ. ಬೇರೆ ಬೇರೆಯಾಗಿ ಬರೆದ ಚೌಕ, ವೃತ್ತಗಳನ್ನು ಅವನು ಸಲೀಸಾಗಿ ಹೇಳಿದ. ಒಂದರ ಮೇಲೊಂದು ಹಾಯುವಂತೆ ಬರೆದಾಗ ಎರಡು ಆಕೃತಿಗಳು ಅವನಿಗೆ ಕಾಣಲಿಲ್ಲ, ಗೆರೆಗಳು ಕೂಡಿ ಕತ್ತರಿಸಿದ ಚೂರುಗಳಷ್ಟೂ ಒಂದೊಂದು ಬಿಡಿ ವಸ್ತುವಾಗಿ ಕಂಡವು. ಚೆಂಡಿನ ಬೆಳಕು ಬಿದ್ದ ಭಾಗ ಒಂದು, ನೆರಳಿನ ಭಾಗ ಇನ್ನೊಂದು. ಹಸುವಿನ ಫೋಟೋ ಹಿಡಿದರೆ ಬಣ್ಣ ಬದಲಾದಲ್ಲೆಲ್ಲ ಹೊಸದೊಂದು ವಸ್ತು. ಬೆಕ್ಕನ್ನು ಕಂಬದಿಂದ, ಮುಖವನ್ನು ಅದರ ಮೇಲಿನ ನೆರಳಿನಿಂದ ಬೇರ್ಪಡಿಸಿ ನೋಡುವುದು ಎಷ್ಟು ದೊಡ್ಡ ಕೆಲಸ ಎನ್ನುವುದು ಇಂಥವರ ಮಾತು ಕೇಳಿದ ಮೇಲೆಯೇ ಅಂದಾಜಿಗೆ ಬರುವುದು.

ಅವನಿಗೆ ನೆರವಾದದ್ದು ಚಲನೆ. ಅದೇ ಚೌಕ, ಅದೇ ವೃತ್ತ ಕಂಪ್ಯೂಟರ್ ಪರದೆಯ ಮೇಲೆ ಬೇರೆ ಬೇರೆ ದಿಕ್ಕಿಗೆ ಸರಿಯತೊಡಗಿದ ಕೂಡಲೇ ಎರಡು ವಸ್ತುಗಳು ಎಂದು ಅವನಿಗೆ ತಿಳಿಯಿತು. ಜತೆಯಾಗಿ ಚಲಿಸುವುದೆಲ್ಲ ಒಂದೇ ವಸ್ತು ಎಂಬ ಸರಳ ಸೂತ್ರ ಹಿಡಿದು ಮಿದುಳು ಲೋಕವನ್ನು ವಿಂಗಡಿಸಲು ಕಲಿಯುತ್ತದೆ ಎಂದು ಸಿನ್ಹಾ ವಾದಿಸುತ್ತಾರೆ. ಹಸು ನಡೆದಾಗ ಅದರ ಕಪ್ಪು ಮಚ್ಚೆಯೂ ಬಿಳಿ ಹೊಟ್ಟೆಯೂ ಒಟ್ಟಿಗೇ ನಡೆಯುತ್ತವಲ್ಲ. ಒಂದೂವರೆ ವರ್ಷದ ಬಳಿಕ ಎಸ್.ಕೆ. ನಿಶ್ಚಲ ಚಿತ್ರಗಳಲ್ಲೂ ವಸ್ತುಗಳನ್ನು ಬಿಡಿಸಿ ನೋಡಬಲ್ಲವನಾಗಿದ್ದ.

ಕಣ್ಣಿದ್ದವರ ನೋಟವೂ ಕಟ್ಟಿದ್ದೇ ಎಂಬುದಕ್ಕೆ ಓದುಗರು ಕೂತಲ್ಲೇ ಒಂದು ಪರೀಕ್ಷೆ ಮಾಡಬಹುದು. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಹೆಬ್ಬೆರಳುಗಳನ್ನು ಒತ್ತೊತ್ತಾಗಿ ಮೇಲಕ್ಕೆತ್ತಿ ಹಿಡಿಯಬೇಕು. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಎಡ ಹೆಬ್ಬೆರಳಿನ ಮೇಲೆ ನೆಟ್ಟು, ಬಲ ಹೆಬ್ಬೆರಳನ್ನು ಮೆಲ್ಲಗೆ ಬಲಕ್ಕೆ ಸರಿಸುತ್ತ ಹೋಗಬೇಕು. ಒಂದು ಗೇಣಿಗೆ ತುಸು ಕಡಿಮೆ ದೂರ ಹೋದಾಗ ಅದರ ತುದಿ ಮಾಯವಾಗುತ್ತದೆ. ಆಗ ಅದರ ಬಿಂಬ ಬೀಳುವುದು ದೃಷ್ಟಿನರ ಕಣ್ಣಿನಿಂದ ಹೊರಹೋಗುವ ಜಾಗದ ಮೇಲೆ, ಅಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಎದ್ಮ್ ಮಾರಿಯೊತ್ 17ನೆಯ ಶತಮಾನದಲ್ಲೇ ಇದನ್ನು ಕಂಡುಹಿಡಿದ. ಗಮನಿಸಬೇಕಾದ್ದು ಬೆರಳು ಮಾಯವಾದದ್ದಲ್ಲ, ಅದಿದ್ದ ಜಾಗದಲ್ಲಿ ಕಪ್ಪು ರಂಧ್ರ ಕಾಣದೇ ಇದ್ದದ್ದು. ಹಿಂದಿನ ಗೋಡೆಯ ಬಣ್ಣವನ್ನೇ ಎಳೆದು ಮಿದುಳು ಅಲ್ಲಿ ತುಂಬಿರುತ್ತದೆ, ಹುಟ್ಟಿದಾಗಿನಿಂದ ತುಂಬುತ್ತಲೇ ಬಂದಿದೆ.

ಹಾಗಾದರೆ ನೋಡುವುದೆಲ್ಲ ಕಲಿಕೆಯೇ? ಇಲ್ಲಿ ಪ್ರಾಜೆಕ್ಟ್ ಪ್ರಕಾಶ್‌ನ ಮಕ್ಕಳು ಎಲ್ಲರನ್ನೂ ಬೆರಗುಗೊಳಿಸಿದರು. ಬಾಣದ ತುದಿಗಳಂತೆ ಒಳಕ್ಕೋ ಹೊರಕ್ಕೋ ಬಾಗಿದ ರೆಕ್ಕೆಗಳಿರುವ ಎರಡು ಸಮಾನ ಗೆರೆಗಳಲ್ಲಿ ಒಂದು ಉದ್ದವಾಗಿ ಕಾಣುವ ಮ್ಯುಲ್ಲರ್-ಲಯರ್ ಭ್ರಮೆ ಪಠ್ಯಪುಸ್ತಕಗಳಲ್ಲಿ ಎಲ್ಲರೂ ನೋಡಿರುವುದೇ. ದೂರದಲ್ಲಿ ಕೂಡುವ ರೈಲುಹಳಿಗಳಂಥ ಗೆರೆಗಳ ನಡುವೆ ಮೇಲಿನ ಅಡ್ಡಗೆರೆ ದೊಡ್ಡದಾಗಿ ತೋರುವ ಪೊಂಜೊ ಭ್ರಮೆಯೂ ಹಾಗೆಯೇ. ಕೋಣೆಯ ಮೂಲೆಗಳನ್ನೂ ಉದ್ದ ರಸ್ತೆಗಳನ್ನೂ ವರ್ಷಗಟ್ಟಲೆ ನೋಡಿದ ಕಣ್ಣು ಈ ಗೆರೆಗಳಲ್ಲಿ ದೂರವನ್ನು ಊಹಿಸಿ ಮೋಸಹೋಗುತ್ತದೆ ಎಂಬ ವಿವರಣೆ ಬಹುಕಾಲ ಒಪ್ಪಿತವಾಗಿತ್ತು. ಅದು ನಿಜವಾದರೆ ನಿನ್ನೆಯಷ್ಟೇ ದೃಷ್ಟಿ ಬಂದ ಮಗು ಮೋಸಹೋಗಬಾರದು. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 8ರಿಂದ 16 ವರ್ಷದ ಒಂಬತ್ತು ಮಕ್ಕಳನ್ನು ದೃಷ್ಟಿ ಬಂದ ಬೆನ್ನಿಗೇ ಪರೀಕ್ಷಿಸಿದರು. ಒಂಬತ್ತೂ ಮಕ್ಕಳಿಗೆ ಎರಡೂ ಭ್ರಮೆಗಳು ನಮ್ಮೆಲ್ಲರಂತೆಯೇ ಕಂಡವು.

ಅಲ್ಲಿಗೆ ಕತೆ ಮುಗಿಯಲಿಲ್ಲ, ಇದಕ್ಕೆ ಎದುರಾದ ಹಳೆಯ ಪುರಾವೆಗಳೂ ಇವೆ. ಇಂಗ್ಲೆಂಡಿನ ಡಬ್ಲ್ಯು.ಎಚ್.ಆರ್. ರಿವರ್ಸ್ 1901-02ರಲ್ಲಿ ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ ತೋಡರ ನಡುವೆ ಇದ್ದು ಅವರ ಇಂದ್ರಿಯಗಳ ಪರೀಕ್ಷೆ ಮಾಡಿದ್ದ. ಮ್ಯುಲ್ಲರ್-ಲಯರ್ ಗೆರೆಗಳು ಇಂಗ್ಲಿಷರನ್ನು ಮೋಸಗೊಳಿಸಿದಷ್ಟು ತೋಡರನ್ನು ಮೋಸಗೊಳಿಸಲಿಲ್ಲ. 1966ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ ಆಫ್ರಿಕದ ಕಲಹಾರಿಯ ಬೇಟೆಗಾರ ಜನರ ಮೇಲೆ ಈ ಭ್ರಮೆಯ ಪರಿಣಾಮ ಬಹುತೇಕ ಇರಲೇ ಇಲ್ಲ. ಹುಟ್ಟಿನಿಂದಲೇ ಬರುವ ಒಂದು ಒಲವು ಇರಬೇಕು, ಬದುಕುವ ಪರಿಸರ ಅದನ್ನು ಬಲಪಡಿಸುತ್ತದೆ ಇಲ್ಲವೇ ತಗ್ಗಿಸುತ್ತದೆ ಎಂದು ಎರಡನ್ನೂ ಹೊಂದಿಸಿ ಓದುವುದೇ ಸದ್ಯಕ್ಕೆ ನ್ಯಾಯವಾದ ಮಾತು. ಎಲ್ಲವೂ ಹುಟ್ಟುಗುಣ ಎನ್ನುವವರಿಗೂ ಎಲ್ಲವೂ ಅಭ್ಯಾಸಬಲ ಎನ್ನುವವರಿಗೂ ಈ ಪುರಾವೆಗಳಲ್ಲಿ ಪೂರ್ಣ ಸಮಾಧಾನ ಸಿಗುವುದಿಲ್ಲ.

2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಪ್ರಕಾಶ್ ಮಕ್ಕಳು ಬಣ್ಣದ ಚಿತ್ರಗಳಲ್ಲಿ ವಸ್ತುಗಳನ್ನು ಚೆನ್ನಾಗಿಯೇ ಗುರುತಿಸುತ್ತಾರೆ, ಅದೇ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ಕೊಟ್ಟರೆ ತಡವರಿಸುತ್ತಾರೆ. ಆಗ ತಾನೇ ಹುಟ್ಟಿದ ಕೂಸಿನ ಕಣ್ಣಲ್ಲಿ ಬಣ್ಣ ಹಿಡಿಯುವ ಕೋಶಗಳು ಬಲಿತಿರುವುದಿಲ್ಲ, ನೋಟವೂ ಮಸುಕು. ಆ ಬಡ ನೋಟವೇ ಬಣ್ಣವನ್ನು ನೆಚ್ಚದೆ ಬೆಳಕು-ನೆರಳಿನಿಂದ ವಸ್ತು ಹಿಡಿಯುವುದನ್ನು ಮಿದುಳಿಗೆ ಕಲಿಸುತ್ತದೆ ಎಂಬುದು ಸಂಶೋಧಕರ ತರ್ಕ. ತಡವಾಗಿ ದೃಷ್ಟಿ ಬಂದ ಮಗುವಿನ ಕಣ್ಣಿನ ಕೋಶಗಳು ಅಷ್ಟು ಹೊತ್ತಿಗೆ ಬಲಿತಿರುತ್ತವೆ. ಆ ಮಗು ಮೊದಲ ದಿನವೇ ಪೂರ್ಣ ಬಣ್ಣಕ್ಕೆ ಕಣ್ಣು ತೆರೆಯುತ್ತದೆ, ಈ ಮೊದಲ ಪಾಠ ತಪ್ಪಿಹೋಗುತ್ತದೆ. ಕಂಪ್ಯೂಟರಿನ ಕೃತಕ ನರಜಾಲಗಳಿಗೆ ಮೊದಲು ಕಪ್ಪು-ಬಿಳುಪು, ಆಮೇಲೆ ಬಣ್ಣದ ಚಿತ್ರ ತೋರಿಸಿ ತರಬೇತಿ ಕೊಟ್ಟಾಗ ಅವು ಎರಡನ್ನೂ ನಿಭಾಯಿಸಿದವು, ಕ್ರಮ ತಿರುಗಿಸಿದಾಗ ಸೋತವು. ಎಳೆಗೂಸಿನ ಮಂದ ದೃಷ್ಟಿಯನ್ನು ಕೊರತೆ ಎಂದೇ ಎಣಿಸುತ್ತ ಬಂದಿದ್ದ ವಿಜ್ಞಾನಕ್ಕೆ ಇದು ದೊಡ್ಡ ತಿದ್ದುಪಡಿ.

ಈಗ ಅಜ್ಜಿಯ ಪೊರೆಗೂ ಮಗುವಿನ ಪೊರೆಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ಅಜ್ಜಿಯ ಮಿದುಳು ಅರವತ್ತು ವರ್ಷ ನೋಡಿ ಪಳಗಿದ್ದು, ಕೆಲವು ವರ್ಷ ಕಿಟಕಿ ಮಸುಕಾಗಿತ್ತು, ಅಷ್ಟೇ. ಮಗುವಿನ ಮಿದುಳಿಗೆ ನೋಡುವುದೇ ಗೊತ್ತಿಲ್ಲ, ಕಲಿಯುವ ಕಾಲವೂ ಕಾಯುತ್ತ ಕೂರುವುದಿಲ್ಲ. ನರವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮೊದಲ ಕೆಲವು ವಾರ ಮುಚ್ಚಿಟ್ಟು ನೋಡಿದರು. ಆಮೇಲೆ ತೆರೆದಾಗ ಕಣ್ಣು ಆರೋಗ್ಯವಾಗಿಯೇ ಇತ್ತು, ಮಿದುಳು ಅದರ ಮಾತು ಕೇಳುವುದನ್ನು ಬಿಟ್ಟುಬಿಟ್ಟಿತ್ತು. ಬೆಳೆದ ಬೆಕ್ಕಿಗೆ ಅಷ್ಟೇ ಕಾಲ ಕಣ್ಣು ಮುಚ್ಚಿದರೆ ಏನೂ ಆಗಲಿಲ್ಲ. 1981ರಲ್ಲಿ ನೊಬೆಲ್ ಪಡೆದ ಈ ಕೆಲಸದ ಆಧಾರದ ಮೇಲೆ, ವರ್ಷಗಳು ಕಳೆದ ಮೇಲೆ ಹುಟ್ಟುಪೊರೆ ತೆಗೆದು ಪ್ರಯೋಜನವಿಲ್ಲ ಎಂದು ಹಲವು ವೈದ್ಯರು ಕೈಚೆಲ್ಲುತ್ತಿದ್ದರು. ಪ್ರಕಾಶ್ ಮಕ್ಕಳು ಆ ನಿರಾಸೆಯನ್ನು ಸುಳ್ಳು ಮಾಡಿದ್ದಾರೆ. ಅವರ ನೋಟದ ಸೂಕ್ಷ್ಮತೆ ಪೂರ್ಣ ಮಟ್ಟ ಮುಟ್ಟುವುದಿಲ್ಲ ನಿಜ. ಆದರೂ ಎಡವದೆ ನಡೆಯುವಷ್ಟು, ಮುಖವನ್ನು ಮುಖವೆಂದು ತಿಳಿಯುವಷ್ಟು, ವಸ್ತುಗಳ ಹೆಸರು ಹೇಳುವಷ್ಟು ದೃಷ್ಟಿ ಹಲವರಿಗೆ ದಕ್ಕಿದೆ. ಹದಿಹರೆಯದ ಮಗುವಿಗೆ ಆಪರೇಷನ್ ಬೇಡ ಎನ್ನಲು ಇನ್ನು ಯಾವ ನೆಪವೂ ಉಳಿದಿಲ್ಲ.

ಅಷ್ಟು ತಡವಾಗುವವರೆಗೆ ಬಿಡದಿರುವುದು ಇನ್ನೂ ಮುಖ್ಯ. ಎರಡು ಕಣ್ಣಿಗೂ ದಟ್ಟ ಪೊರೆಯಿರುವ ಕೂಸಿಗೆ ಹುಟ್ಟಿದ ಎರಡು ತಿಂಗಳ ಆಸುಪಾಸಿನಲ್ಲೇ ಚಿಕಿತ್ಸೆಯಾಗಬೇಕು ಎನ್ನುತ್ತಾರೆ ಮಕ್ಕಳ ಕಣ್ಣಿನ ತಜ್ಞರು. ಕಣ್ಣಿನ ಪಾಪೆಯಲ್ಲಿ ಕಪ್ಪಿನ ಬದಲು ಬಿಳಿ ಕಾಣುವುದು, ಮಗು ಎರಡು ಮೂರು ತಿಂಗಳಾದರೂ ಮುಖ ನೋಡಿ ನಗದಿರುವುದು, ಕಣ್ಣುಗುಡ್ಡೆ ಅತ್ತಿತ್ತ ಅಲೆದಾಡುವುದು, ಇವುಗಳಲ್ಲಿ ಒಂದು ಕಂಡರೂ 'ದೊಡ್ಡದಾದ ಮೇಲೆ ಸರಿಹೋಗುತ್ತದೆ' ಎಂದು ಕಾಯುವಂತಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಮಾಡಬೇಕಾದ ಹುಟ್ಟುದೋಷಗಳ ಪಟ್ಟಿಯಲ್ಲಿ ಹುಟ್ಟುಪೊರೆಯೂ ಇದೆ, ಚಿಕಿತ್ಸೆ ಉಚಿತ. ಅಂಗನವಾಡಿ ಕಾರ್ಯಕರ್ತೆಗೋ ಆಶಾ ಕಾರ್ಯಕರ್ತೆಗೋ ಒಂದು ಮಾತು ಹೇಳಿದರೆ ದಾರಿ ತೆರೆಯುತ್ತದೆ.

ಹುಟ್ಟುಪೊರೆಯ ಒಂದು ಕಾರಣವನ್ನಂತೂ ಮೊದಲೇ ತಡೆಯಬಹುದು. ಬಸುರಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗಲಿದರೆ ಮಗು ಪೊರೆಯೊಂದಿಗೆ ಹುಟ್ಟಬಹುದು ಎಂದು ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 1941ರಲ್ಲೇ ತೋರಿಸಿದ್ದ. ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದದ್ದು 2017ರ ಫೆಬ್ರುವರಿಯಲ್ಲಿ. ಈಗ ಅದು ಒಂಬತ್ತು ತಿಂಗಳು ತುಂಬಿದ ಮೇಲೆ ಒಮ್ಮೆ, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಮ್ಮೆ ಎಲ್ಲ ಮಕ್ಕಳಿಗೂ ಸಿಗುತ್ತದೆ.

ಆಪರೇಷನ್ ಆದ ಮೇಲಿನ ವರ್ಷಗಳ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಎಷ್ಟು ಪೊರೆ ತೆಗೆದೆವು ಎಂಬ ಲೆಕ್ಕ ಸಿಗುತ್ತದೆ, ಎಷ್ಟು ಮಕ್ಕಳು ನೋಡಲು ಕಲಿತರು ಎಂಬ ಲೆಕ್ಕವನ್ನು ಕೇಳುವವರು ವಿರಳ. ಮಗು ಬೆಳೆದಂತೆ ಕಣ್ಣುಗುಡ್ಡೆಯೂ ಬೆಳೆಯುತ್ತದೆ, ಕನ್ನಡಕದ ಪವರ್ ಬದಲಾಗುತ್ತ ಹೋಗುತ್ತದೆ. ಮೊದಲ ಕೆಲವು ವರ್ಷ ಕೆಲವೇ ತಿಂಗಳಿಗೊಮ್ಮೆ ತೋರಿಸಬೇಕು. ಒಂದು ಕಣ್ಣು ಹಿಂದುಳಿದಿದ್ದರೆ ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಇಷ್ಟು ಹೊತ್ತು ಎಂದು ಪಟ್ಟಿ ಕಟ್ಟಿ, ಸೋಮಾರಿಯಾದ ಕಣ್ಣಿಗೆ ಕೆಲಸ ಕೊಡಬೇಕು. ಮಗು ಅತ್ತು ಪಟ್ಟಿ ಕೀಳುತ್ತದೆ, ಕನ್ನಡಕ ಒಡೆಯುತ್ತದೆ, ಜಿಲ್ಲಾಸ್ಪತ್ರೆಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ಉಚಿತ ಆಪರೇಷನ್ ಜತೆಗೆ ಬಸ್ ಚಾರ್ಜು, ಆ ದಿನದ ಕೂಲಿ, ಒಡೆದಾಗಲೆಲ್ಲ ಹೊಸ ಕನ್ನಡಕ, ಇಷ್ಟನ್ನೂ ಅದೇ ಯೋಜನೆಯ ಖರ್ಚಿಗೆ ಸೇರಿಸಬೇಕು. ಕನಿಷ್ಠ ಮಗು ಶಾಲೆ ಸೇರುವವರೆಗಾದರೂ ಯಾರೋ ಒಬ್ಬರು ಮನೆಗೆ ಬಂದು, ಪಟ್ಟಿ ಕಟ್ಟುತ್ತಿದ್ದೀರಾ ಎಂದು ಆ ತಾಯಿಯನ್ನು ವಿಚಾರಿಸಿಕೊಂಡು ಹೋಗುವ ಏರ್ಪಾಡೂ ಆಗಬೇಕು.